ಪಾನವ್ಯಸನವನ್ನು ತೊರೆದವರ ಕೂಟಗಳ ಚರಿತ್ರೆ

ಮದ್ಯಪಾನದ ಕೇಡನ್ನು ಕುರಿತು ನಮ್ಮ ನಾಡಿನಲ್ಲಿ ಉಪದೇಶಗಳಿಗೆ ಕೊರತೆಯಿಲ್ಲ. ಪುರಾಣ ಪ್ರವಚನಗಳಲ್ಲಿಯೂ ಕೀರ್ತನಸಭೆಗಳಲ್ಲಿಯೂ ಜಾತ್ರೆಯ ವೇದಿಕೆಗಳಲ್ಲಿಯೂ ಈ ವಿಷಯವು ಮತ್ತೆ ಮತ್ತೆ ಹೇಳಲ್ಪಡುತ್ತಲೇ ಇರುವುದು. ಕೇಳುವವರಲ್ಲಿ ಕುಡಿಯದವರು ತಲೆದೂಗುವರು. ಕುಡಿಯುವವರು ತಲೆ ತಗ್ಗಿಸುವರು. ಸಭೆಯು ಮುಗಿದ ಬಳಿಕ ಇಬ್ಬರೂ ತಮ್ಮ ತಮ್ಮ ದಾರಿಯನ್ನು ಹಿಡಿಯುವರು. ತಲೆ ತಗ್ಗಿಸಿದವನು ಆ ರಾತ್ರಿಯೇ ಇನ್ನು ಸಾಕೆಂದು ನಿಶ್ಚಯಿಸಿದನೆಂದು ಇಟ್ಟುಕೊಳ್ಳೋಣ. ಮರುದಿನ ಸಾಯಂಕಾಲ, ಕೈ ನಡುಗಿ ಕಾಲುಗಳು ತಾವಾಗಿಯೇ ಅಂಗಡಿಯ ಕಡೆಗೆ ಹೊರಳುವ ಹೊತ್ತಿಗೆ, ಅವನು ಎಲ್ಲಿಗೆ ಹೋಗಬೇಕು? ಯಾರ ಬಾಗಿಲನ್ನು ತಟ್ಟಬೇಕು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದವರಲ್ಲಿ ಕುಡಿದು ಕೆಟ್ಟವರೇ ಮೊದಲಿಗರು. ಅವರು ಕಟ್ಟಿಕೊಂಡ ಕೂಟಗಳ ವೃತ್ತಾಂತವನ್ನೂ, ವಿಶೇಷವಾಗಿ ಆ ಕೂಟದ ಬಾಗಿಲು ಅಪರಿಚಿತನಾದ ಹೊಸಬನ ಕಣ್ಣಿಗೆ ಹೇಗೆ ಬೀಳುತ್ತ ಬಂದಿತೆಂಬುದನ್ನೂ, ಈ ಸಂಚಿಕೆಯ ವಾಚಕರಾದ ಭಕ್ತಮಹಾಶಯರಲ್ಲಿ ಅರಿಕೆ ಮಾಡಿಕೊಳ್ಳುವುದು ಈ ಲೇಖನದ ಉದ್ದೇಶವಾಗಿದೆ.

ಈ ಕಥೆಯು ಆರಂಭವಾಗುವುದು ಅಮೆರಿಕದ ಬಾಲ್ಟಿಮೋರ್ ಪಟ್ಟಣದ ಒಂದು ಪಾನಗೃಹದಲ್ಲಿ. ೧೮೪೦ನೆಯ ಇಸವಿಯ ಏಪ್ರಿಲ್ ತಿಂಗಳಲ್ಲಿ ಚೇಸ್ ಎಂಬವನ ಪಾನಗೃಹದಲ್ಲಿ ಆರು ಮಂದಿ ಗೆಳೆಯರು ಎಂದಿನಂತೆ ಕುಡಿಯುತ್ತ ಕುಳಿತಿದ್ದರು. ಇವರು ದೊಡ್ಡ ಮನುಷ್ಯರೇನೂ ಅಲ್ಲ. ದರ್ಜಿ, ಬಡಗಿ, ಕಮ್ಮಾರ ಮುಂತಾದ ಕೈಕಸಬಿನವರು. ಊರಿನಲ್ಲಿ ಆಗ ಪಾನನಿಷೇಧವನ್ನು ಕುರಿತು ಒಂದು ಉಪನ್ಯಾಸವು ನಡೆಯುವುದಿದ್ದಿತು. ತಮಾಷೆಗಾಗಿಯೋ ಕುತೂಹಲಕ್ಕಾಗಿಯೋ ತಮ್ಮಲ್ಲಿ ಕೆಲವರನ್ನು ಅಲ್ಲಿಗೆ ಕಳುಹಿಸಿದರು. ಹೋದವರು ಹಿಂದಿರುಗಿ ಬಂದು ಕೇಳಿದುದನ್ನು ಹೇಳಲು ವಾದವೆದ್ದಿತು. ವಾದದ ಕೊನೆಯಲ್ಲಿ ಆರು ಮಂದಿಯೂ ಕುಡಿತವನ್ನು ಬಿಡುವ ಪ್ರತಿಜ್ಞೆಗೆ ಸಹಿ ಹಾಕಿ, ತಮ್ಮ ದೇಶದ ಮೊದಲ ಅಧ್ಯಕ್ಷನ ಹೆಸರನ್ನು ತಮ್ಮ ಸಂಘಕ್ಕಿಟ್ಟುಕೊಂಡರು. ಇದೇ ವಾಷಿಂಗ್ಟನ್ ಮಿತಪಾನ ಸಂಘವು. ಹೆಸರಿನಲ್ಲಿ ಮಿತವೆಂದಿದ್ದರೂ ಇವರ ವ್ರತವು ಸಂಪೂರ್ಣ ತ್ಯಾಗವಾಗಿದ್ದಿತು.

ಈ ಸಂಘದ ಮೊದಲ ಸಭೆಗಳು ಅದೇ ಪಾನಗೃಹದಲ್ಲಿಯೇ ನಡೆದುವು! ಒಳ್ಳೆಯ ಗಿರಾಕಿಗಳೆಲ್ಲ ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿರುವುದನ್ನು ಕಂಡು ಪಾನಗೃಹದ ಯಜಮಾನಿಯು ಆಕ್ಷೇಪಿಸಿದ ಮೇಲೆಯೇ ಅವರು ಬೇರೆ ಸ್ಥಳವನ್ನು ಹುಡುಕಿಕೊಂಡರೆಂದು ತಿಳಿದುಬರುತ್ತದೆ. ಇವರ ನಡೆವಳಿಯ ಕ್ರಮವು ಅಂದಿನ ಕಾಲಕ್ಕೆ ಹೊಸತು. ಅದುವರೆಗಿನ ಮಿತಪಾನ ಸಭೆಗಳಲ್ಲಿ ಧರ್ಮಬೋಧಕರೂ ವಿದ್ವಾಂಸರೂ ಎತ್ತರದ ಪೀಠದಲ್ಲಿ ನಿಂತು ಮಾತನಾಡುತ್ತಿದ್ದರು. ಕುಡುಕನು ದೃಷ್ಟಾಂತಕ್ಕಾಗಿ ಮಾತ್ರ ಬರುತ್ತಿದ್ದನು. ಇಲ್ಲಿಯಾದರೋ ಕುಡುಕನೇ ಎದ್ದು ನಿಂತು, ತಾನು ಹೇಗಿದ್ದೆನು, ಏನನ್ನು ಕಳೆದುಕೊಂಡೆನು, ಈಗ ಹೇಗಿರುವೆನು ಎಂಬುದನ್ನು ಮಾತ್ರ ಹೇಳಿ ಕುಳಿತುಕೊಳ್ಳುವನು. ಪ್ರತಿಯೊಬ್ಬ ಸದಸ್ಯನೂ ಮುಂದಿನ ವಾರ ಬರುವಾಗ ಇನ್ನೊಬ್ಬ ಕುಡುಕನನ್ನು ಕರೆತರಬೇಕೆಂಬುದು ಅವರ ಕಟ್ಟಳೆಯಾಗಿದ್ದಿತು. ಹೊಸಬನು ಸಭೆಯನ್ನು ಹುಡುಕಬೇಕಾಗಿರಲಿಲ್ಲ. ಸಭೆಯೇ ಅವನನ್ನು ಹುಡುಕಿಕೊಂಡು ಬೀದಿಗೆ ಬರುತ್ತಿದ್ದಿತು. ವರ್ಷ ತುಂಬುವುದರೊಳಗಾಗಿ ಬಾಲ್ಟಿಮೋರಿನಲ್ಲಿ ಸಾವಿರಾರು ಜನರು ಮೆರವಣಿಗೆ ಹೊರಟರು. ಕೆಲವೇ ವರ್ಷಗಳಲ್ಲಿ ದೇಶದ ತುಂಬ ಲಕ್ಷಗಟ್ಟಲೆ ಜನರು ಪ್ರತಿಜ್ಞಾಪತ್ರಕ್ಕೆ ಸಹಿ ಮಾಡಿದರು. ಮುಂದೆ ರಾಷ್ಟ್ರಾಧ್ಯಕ್ಷನಾದ ಅಬ್ರಹಾಂ ಲಿಂಕನನು ೧೮೪೨ನೆಯ ಫೆಬ್ರವರಿ ೨೨ರಂದು ಸ್ಪ್ರಿಂಗ್‌ಫೀಲ್ಡ್ ಪಟ್ಟಣದಲ್ಲಿ ಈ ಸಂಘದ ಸಭೆಯಲ್ಲಿ ಭಾಷಣ ಮಾಡಿ, ಕುಡಿತಕ್ಕೆ ಬೀಳದವರು ತಮ್ಮ ಸದ್ಗುಣವನ್ನು ಹೊಗಳಿಕೊಳ್ಳಬೇಕಾದುದಿಲ್ಲವೆಂದೂ, ಅಂಥವರಿಗೆ ಆ ಹಸಿವೇ ಇಲ್ಲದಿರುವುದು ಹೆಚ್ಚಾಗಿ ಕಾರಣವೆಂದೂ ಅಭಿಪ್ರಾಯಪಟ್ಟನು. ಕುಡಿಯದವರ ಬಾಯಿಂದ ಇಂತಹ ಮಾತು ಬರುವುದು ಆ ಕಾಲದಲ್ಲಿ ಅಪರೂಪವಾಗಿದ್ದಿತು, ಈಗಲೂ ಅಪರೂಪವೇ.

ಇಷ್ಟು ವೇಗವಾಗಿ ಬೆಳೆದುದು ಅಷ್ಟೇ ವೇಗವಾಗಿ ಅಳಿದುಹೋಯಿತು. ಆ ದಶಕವು ಮುಗಿಯುವಷ್ಟರಲ್ಲಿ ವಾಷಿಂಗ್ಟನ್ ಸಂಘಗಳು ಬಹುಮಟ್ಟಿಗೆ ಹೆಸರಿಲ್ಲದಂತಾದುವು. ಇದಕ್ಕೆ ಚರಿತ್ರಕಾರರು ಕೊಡುವ ಕಾರಣಗಳು ಹಲವು. ಕುಡುಕರಲ್ಲದವರೂ ಉತ್ಸಾಹದಿಂದ ನುಗ್ಗಿ ಬಂದು ಸಂಘದ ಸ್ವರೂಪವು ಬದಲಾಯಿತು. ಮದ್ಯನಿಷೇಧದ ಕಾನೂನು ಬೇಕೇ ಬೇಡವೇ ಎಂಬ ರಾಜಕೀಯ ವಿವಾದದಲ್ಲಿ ಅದು ಸಿಕ್ಕಿಕೊಂಡಿತು. ಪ್ರಸಿದ್ಧ ಭಾಷಣಕಾರರ ಹೆಸರುಗಳು ಸಂಘದ ಹೆಸರಿಗಿಂತ ದೊಡ್ಡವಾದುವು, ಅವರಲ್ಲಿ ಯಾರಾದರೂ ಜಾರಿಬಿದ್ದಾಗ ಜನರು ಸಂಘವನ್ನೇ ನಕ್ಕರು. ನನಗೆ ತೋರುವ ಮಟ್ಟಿಗೆ ಇವೆಲ್ಲಕ್ಕೂ ಮೂಲವಾದ ದೋಷವೊಂದಿದ್ದಿತು. ಸಹಿ ಹಾಕಿಸುವುದರಲ್ಲಿ ಅವರಿಗಿದ್ದ ಆಸ್ಥೆಯು ಸಹಿ ಹಾಕಿದವನನ್ನು ಮುಂದಿನ ವಾರವೂ, ಮುಂದಿನ ವರ್ಷವೂ ಅದೇ ಕೋಣೆಗೆ ಬರಮಾಡಿಕೊಳ್ಳುವುದರಲ್ಲಿ ಉಳಿಯಲಿಲ್ಲ. ಪ್ರತಿಜ್ಞೆಯು ಒಂದು ದಿನದ ಕಾರ್ಯ; ಕುಡಿಯದಿರುವುದಾದರೋ ಪ್ರತಿದಿನದ ಕಾರ್ಯ.

ಅಲ್ಲಿಂದ ಮುಂದೆ ಸುಮಾರು ತೊಂಬತ್ತು ವರ್ಷಗಳ ಕಾಲದ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾದುದಿಲ್ಲ. ಕುಡುಕರಿಗಾಗಿ ಆಶ್ರಯಗೃಹಗಳು ಹುಟ್ಟಿದುವು, ಮುಚ್ಚಿದುವು. ೧೯೨೦ರಿಂದ ೧೯೩೩ರ ವರೆಗೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮದ್ಯದ ತಯಾರಿಕೆಯೂ ಮಾರಾಟವೂ ಕಾನೂನಿನಿಂದ ನಿಷೇಧಿಸಲ್ಪಟ್ಟಿದ್ದುವು. ಆ ಕಾನೂನು ಬಂದುದರಿಂದ ಅಂಗಡಿಯು ಮುಚ್ಚಿತೇ ಹೊರತು ವ್ಯಸನಿಗೆ ಹೋಗಲು ಬೇರೊಂದು ಸ್ಥಳವು ದೊರೆಯಲಿಲ್ಲ. ಕಾನೂನು ರದ್ದಾಗಿ ಒಂದೂವರೆ ವರ್ಷವಾದ ಮೇಲೆ, ಓಹಾಯೋ ಪ್ರಾಂತದ ಆಕ್ರನ್ ಎಂಬ ರಬ್ಬರಿನ ಕಾರ್ಖಾನೆಗಳ ಪಟ್ಟಣದಲ್ಲಿ, ಒಂದು ಹೋಟೆಲಿನ ಹಜಾರದಲ್ಲಿ, ನಮ್ಮ ಕಥೆಯ ಮುಖ್ಯವಾದ ಘಟನೆಯು ನಡೆಯಿತು.

ಬಿಲ್ ವಿಲ್ಸನ್ ಎಂಬವನು ನ್ಯೂಯಾರ್ಕ್ ನಗರದ ಷೇರು ವ್ಯಾಪಾರಿ. ಜನನವು ೧೮೯೫ನೆಯ ನವೆಂಬರಿನಲ್ಲಿ, ವರ್ಮಾಂಟ್ ಪ್ರಾಂತದ ಒಂದು ಹಳ್ಳಿಯಲ್ಲಿ. ಕುಡಿತದಿಂದ ಉದ್ಯೋಗವನ್ನೂ ಮಾನವನ್ನೂ ಕಳೆದುಕೊಂಡು, ಟೌನ್ಸ್ ಆಸ್ಪತ್ರೆಯಲ್ಲಿ ಮತ್ತೆ ಮತ್ತೆ ಮಲಗಿ ಎದ್ದವನು. ೧೯೩೪ನೆಯ ಡಿಸೆಂಬರಿನಲ್ಲಿ ಅವನು ಕಡೆಯ ಸಲ ಕುಡಿದನು. ಅದಕ್ಕೆ ತುಸು ಮೊದಲು ಎಬ್ಬಿ ಥ್ಯಾಚರ್ ಎಂಬ ಹಳೆಯ ಕುಡುಕ ಸ್ನೇಹಿತನೊಬ್ಬನು ಅವನ ಮನೆಗೆ ಬಂದು, ತಾನು ಆಕ್ಸ್‌ಫರ್ಡ್ ಗ್ರೂಪ್ ಎಂಬ ಧಾರ್ಮಿಕ ಮಂಡಲಿಯ ಸಹವಾಸದಿಂದ ಕುಡಿತವನ್ನು ಬಿಟ್ಟೆನೆಂದು ಹೇಳಿದ್ದನು. ಆಸ್ಪತ್ರೆಯಿಂದ ಹೊರಬಂದ ವಿಲ್ಸನನು ಐದು ತಿಂಗಳ ಕಾಲ ಸಿಕ್ಕ ಸಿಕ್ಕ ಕುಡುಕರಿಗೆಲ್ಲ ಉಪದೇಶ ಮಾಡಿದನು. ಅವರಲ್ಲಿ ಒಬ್ಬನೂ ಕುಡಿತವನ್ನು ಬಿಡಲಿಲ್ಲ. ಆದರೆ ಉಪದೇಶ ಮಾಡಿದವನು ಮಾತ್ರ ಅಷ್ಟು ದಿನವೂ ಕುಡಿಯದೆ ಉಳಿದಿದ್ದನು. ಈ ಸಂಗತಿಯನ್ನು ಮೊದಲು ಎತ್ತಿ ತೋರಿಸಿದವಳು ಆತನ ಪತ್ನಿ ಲೋಯಿಸ್. ಆಸ್ಪತ್ರೆಯ ವೈದ್ಯನಾದ ಸಿಲ್ಕ್‌ವರ್ತನು, ಬೋಧನೆಯನ್ನು ನಿಲ್ಲಿಸಿ ರೋಗದ ವಿಷಯವನ್ನು ಮೊದಲು ಮಾತನಾಡೆಂದು ಬುದ್ಧಿ ಹೇಳಿದನು.

೧೯೩೫ನೆಯ ಮೇ ತಿಂಗಳಲ್ಲಿ ವಿಲ್ಸನನು ಒಂದು ಕಂಪೆನಿಯ ಆಡಳಿತವನ್ನು ಕೈವಶ ಮಾಡಿಕೊಳ್ಳುವ ವ್ಯವಹಾರಕ್ಕಾಗಿ ಆಕ್ರನಿಗೆ ಹೋದನು. ವ್ಯವಹಾರವು ಕೆಟ್ಟಿತು. ಜೊತೆಗಾರರು ಹಿಂದಿರುಗಿದರು. ಮೇ ೧೧, ಶನಿವಾರ. ಮೇಫ್ಲವರ್ ಹೋಟೆಲಿನ ಹಜಾರದಲ್ಲಿ ಅವನು ಒಬ್ಬನೇ. ಹಜಾರದ ಒಂದು ತುದಿಯಲ್ಲಿ ಪಾನಶಾಲೆ. ಅಲ್ಲಿಂದ ನಗುವೂ ಗದ್ದಲವೂ ಕೇಳಿಬರುತ್ತಿದ್ದಿತು. ಇನ್ನೊಂದು ತುದಿಯಲ್ಲಿ ಊರಿನ ಇಗರ್ಜಿಗಳ ಹೆಸರುಗಳನ್ನು ಬರೆದ ಫಲಕವೂ ಒಂದು ಟೆಲಿಫೋನೂ ಇದ್ದುವು. ತಾನು ಇನ್ನೊಬ್ಬ ಕುಡುಕನೊಡನೆ ಈಗಲೇ ಮಾತನಾಡದಿದ್ದರೆ ಆ ಪಾನಶಾಲೆಗೆ ಹೋಗುವುದು ನಿಶ್ಚಯವೆಂದು ಅವನಿಗೆ ಹೊಳೆಯಿತು. ಫಲಕದಿಂದ ವಾಲ್ಟರ್ ಟಂಕ್ಸ್ ಎಂಬ ಪಾದ್ರಿಯ ಹೆಸರನ್ನು ಆರಿಸಿಕೊಂಡು ಆತನಿಗೆ ಟೆಲಿಫೋನ್ ಮಾಡಿ, ತನಗೆ ಈ ಊರಿನ ಕುಡುಕನೊಬ್ಬನನ್ನು ತೋರಿಸಿಕೊಡಬೇಕೆಂದು ಬೇಡಿದನು. ಪಾದ್ರಿಯು ಕೆಲವು ಹೆಸರುಗಳನ್ನು ಕೊಟ್ಟನು. ಒಂದರ ಮೇಲೊಂದು ಕರೆ ಮಾಡಿದ ಮೇಲೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಗೃಹಿಣಿಯ ವಿಳಾಸವು ದೊರೆಯಿತು. ಆಕೆಯು ರಬ್ಬರ್ ಉದ್ಯಮದ ಶ್ರೀಮಂತ ಮನೆತನದ ಸೊಸೆ; ಸ್ವತಃ ಕುಡಿಯುವವಳಲ್ಲ; ಆದರೆ ಕುಡಿತದಿಂದ ಮುಳುಗುತ್ತಿದ್ದ ಒಬ್ಬ ಶಸ್ತ್ರವೈದ್ಯನಿಗಾಗಿ ತನ್ನ ಗೆಳತಿಯರೊಡನೆ ಪ್ರಾರ್ಥಿಸುತ್ತಿದ್ದವಳು.

ಆ ವೈದ್ಯನೇ ಡಾಕ್ಟರ್ ರಾಬರ್ಟ್ ಸ್ಮಿತ್, ಮುಂದೆ ಲೋಕವೆಲ್ಲ ಡಾಕ್ಟರ್ ಬಾಬ್ ಎಂದು ಕರೆದವನು. ಆ ಶನಿವಾರ ಆತನು ಕುಡಿದು ಮಲಗಿದ್ದುದರಿಂದ ಭೇಟಿಯು ಮರುದಿನಕ್ಕೆ ಮುಂದೂಡಲ್ಪಟ್ಟಿತು. ಮೇ ೧೨ರ ಸಾಯಂಕಾಲ ಐದು ಗಂಟೆಗೆ ಸೈಬರ್ಲಿಂಗರ ಎಸ್ಟೇಟಿನ ಹೆಬ್ಬಾಗಿಲ ಬಳಿಯ ಸಣ್ಣ ಮನೆಯಲ್ಲಿ ಇಬ್ಬರೂ ಕಂಡರು. ಹದಿನೈದು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲವೆಂದು ಪತ್ನಿಗೆ ಹೇಳಿ ಬಂದಿದ್ದ ವೈದ್ಯನು ರಾತ್ರಿ ಹನ್ನೊಂದು ಗಂಟೆ ಮೀರುವವರೆಗೆ ಎದ್ದು ಹೋಗಲಿಲ್ಲ. ಇಲ್ಲಿ ವಾಚಕರು ಒಂದು ಅಂಶವನ್ನು ಗಮನಿಸಬೇಕು. ಡಾಕ್ಟರ್ ಬಾಬನಿಗೆ ಸತ್ಸಂಗದ ಕೊರತೆಯಿರಲಿಲ್ಲ. ಆಕ್ಸ್‌ಫರ್ಡ್ ಗ್ರೂಪಿನ ಸಭೆಗಳಿಗೆ ಆತನು ಎರಡು ವರ್ಷಗಳಿಗೂ ಮಿಗಿಲಾಗಿ ಹೋಗುತ್ತಿದ್ದನು. ವೈದ್ಯವಿದ್ಯೆಯ ಕೊರತೆಯೂ ಇರಲಿಲ್ಲ. ಆದರೂ ಕುಡಿತವು ಬಿಡಲಿಲ್ಲ. ಕುಡಿತದ ವಿಷಯವನ್ನು ಸ್ವಾನುಭವದಿಂದ ಬಲ್ಲ ಮನುಷ್ಯನೊಬ್ಬನು ತನ್ನೊಡನೆ ಮಾತನಾಡಿದುದು ಅದೇ ಮೊದಲೆಂದು ಆತನು ಮುಂದೆ ಬರೆದಿದ್ದಾನೆ. ವಿಲ್ಸನನು ಅಂದು ಬೋಧಿಸಲು ಬಂದಿರಲಿಲ್ಲ. ತನ್ನನ್ನು ತಾನು ಉಳಿಸಿಕೊಳ್ಳಲು ಬಂದಿದ್ದನು. ಸಹಾಯ ಮಾಡುವವನೂ ಸಹಾಯ ಪಡೆಯುವವನೂ ಒಬ್ಬನೇ ಆದ ಈ ಬಗೆಯು ಹಿಂದಿನ ಉಪದೇಶಗಳೆಲ್ಲವುಗಳಿಂದ ಭಿನ್ನವಾಗಿದ್ದಿತು.

ಡಾಕ್ಟರ್ ಬಾಬನು ಒಂದು ವೈದ್ಯ ಸಮ್ಮೇಲನಕ್ಕೆ ಹೋಗಿ ಅಲ್ಲಿ ಇನ್ನೊಂದು ಸಲ ಜಾರಿಬಿದ್ದನು. ಬಳಿಕ ಆತನು ಕುಡಿದ ಕಡೆಯ ದಿನವು ೧೯೩೫ನೆಯ ಜೂನ್ ೧೦ ಎಂದು ಎಣಿಸಿ, ಆ ದಿನವನ್ನೇ ಸಂಘದ ಜನ್ಮದಿನವೆಂದು ಸದಸ್ಯರು ಆಚರಿಸುತ್ತಾರೆ. ಆ ತಿಂಗಳ ಕೊನೆಯಲ್ಲಿ ಇಬ್ಬರೂ ಕೂಡಿ ಊರಿನ ಆಸ್ಪತ್ರೆಯಲ್ಲಿ ಕಟ್ಟಿಹಾಕಲ್ಪಟ್ಟಿದ್ದ ಒಬ್ಬ ವಕೀಲನ ಹಾಸಿಗೆಯ ಬಳಿ ಕುಳಿತರು, ಅವನು ಮೂರನೆಯವನಾದನು. ಮೂವರಾದಲ್ಲಿಗೆ ಅದು ಸಭೆಯಾಯಿತು.

ಮೊದಲ ನಾಲ್ಕು ವರ್ಷ ಈ ಸಭೆಗಳಿಗೆ ಸ್ವಂತ ಹೆಸರಿರಲಿಲ್ಲ, ಸ್ವಂತ ಕೋಣೆಯೂ ಇರಲಿಲ್ಲ. ಆಕ್ರನಿನಲ್ಲಿ ಬುಧವಾರದ ರಾತ್ರಿ ಒಬ್ಬ ಗೃಹಸ್ಥನ ಮನೆಯಲ್ಲಿಯೂ, ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ ಮಂಗಳವಾರದ ರಾತ್ರಿ ವಿಲ್ಸನನ ಮನೆಯಲ್ಲಿಯೂ ಸದಸ್ಯರು ಸೇರುತ್ತಿದ್ದರು. ಎರಡು ವರ್ಷಗಳಾದ ಮೇಲೆ ಲೆಕ್ಕ ಹಾಕಿ ನೋಡಲಾಗಿ ಕುಡಿತವನ್ನು ಬಿಟ್ಟು ನಿಂತವರು ಎರಡೂ ಊರುಗಳಲ್ಲಿ ಕೂಡಿ ಸುಮಾರು ನಲವತ್ತು ಮಂದಿ. ಈ ಸಂಖ್ಯೆಯು ಸಣ್ಣದೆಂದು ಅವರಿಗೆ ತೋರಲಿಲ್ಲ. ಆದರೆ ನೂರು ಮೈಲಿ ದೂರದ ಊರಿನಲ್ಲಿರುವ ಕುಡುಕನಿಗೆ ಈ ಮನೆಗಳ ಸುದ್ದಿಯು ತಲಪುವುದು ಹೇಗೆ? ಆಸ್ಪತ್ರೆಗಳನ್ನು ಕಟ್ಟೋಣ, ಸಂಬಳದ ಪ್ರಚಾರಕರನ್ನು ನೇಮಿಸೋಣ ಎಂಬ ಆಲೋಚನೆಗಳು ವಿಲ್ಸನನಿಗೆ ಬಂದುವು. ಕುಬೇರನೆನಿಸಿದ ರಾಕ್‌ಫೆಲರನನ್ನು ಧನಸಹಾಯ ಬೇಡಲಾಯಿತು. ಆತನು ಐದು ಸಾವಿರ ಡಾಲರುಗಳನ್ನು ಮಾತ್ರ ಕೊಟ್ಟು, ಹೆಚ್ಚಿನ ಹಣವು ಈ ಕಾರ್ಯವನ್ನು ಕೆಡಿಸುವುದೆಂದು ಅಭಿಪ್ರಾಯಪಟ್ಟನು. ಸದಸ್ಯರಿಗೆ ಆಗ ನಿರಾಶೆಯಾಯಿತು. ಮುಂದೆ ಅದೇ ಅವರ ಶಾಸನವಾಯಿತು. ಇಂದಿಗೂ ಈ ಸಂಘವು ಹೊರಗಿನವರಿಂದ ದಾನವನ್ನು ಸ್ವೀಕರಿಸುವುದಿಲ್ಲ. ಸಭೆಯಲ್ಲಿ ಒಂದು ಬುಟ್ಟಿಯು ಕೈಯಿಂದ ಕೈಗೆ ಹೋಗುವುದು. ಇದ್ದವರು ಹಾಕುವರು, ಇಲ್ಲದವರು ಮುಂದಕ್ಕೆ ದಾಟಿಸುವರು. ಕೋಣೆಯ ಬಾಡಿಗೆಯೂ ಚಹದ ಖರ್ಚೂ ಅದರಿಂದಲೇ ನಡೆಯುವುವು.

ಪ್ರಚಾರಕರ ಬದಲಾಗಿ ಒಂದು ಪುಸ್ತಕವು ಹುಟ್ಟಿತು. ೧೯೩೯ನೆಯ ಏಪ್ರಿಲಿನಲ್ಲಿ ಪ್ರಕಟವಾದ ಆ ಪುಸ್ತಕದ ಹೆಸರು ಆಲ್ಕೊಹಾಲಿಕ್ಸ್ ಅನಾನಿಮಸ್. ಹೆಸರು ಹೇಳಿಕೊಳ್ಳದ ಪಾನವ್ಯಸನಿಗಳು ಎಂದು ಇದರ ಅರ್ಥ. ಪುಸ್ತಕದ ಹೆಸರೇ ಸಂಘದ ಹೆಸರಾಯಿತು. ಅದೇ ವರ್ಷದ ಮೇ ತಿಂಗಳಲ್ಲಿ ಕ್ಲೀವ್‌ಲೆಂಡ್ ಪಟ್ಟಣದಲ್ಲಿ ಸೇರಿದ ಕೂಟವು ಆ ಹೆಸರನ್ನಿಟ್ಟುಕೊಂಡು ನಡೆದ ಮೊದಲ ಸಭೆಯೆಂದು ಪ್ರಸಿದ್ಧವಾಗಿದೆ.

ಈ ಹೆಸರಿನಲ್ಲಿಯೇ ಒಂದು ತೊಡಕು ಅಡಗಿದ್ದಿತು. ವ್ಯಸನಿಗೆ ಎಲ್ಲಕ್ಕಿಂತ ಮಿಗಿಲಾದ ಭಯವೆಂದರೆ ಲೋಕಾಪವಾದದ ಭಯ. ನೌಕರಿಯು ಹೋದೀತು, ಮಗಳಿಗೆ ವರನು ಸಿಕ್ಕದೆ ಹೋದಾನು, ಕುಲಸ್ಥರು ಆಡಿಕೊಂಡಾರು ಎಂಬ ಶಂಕೆಗಳಿಂದ ಆತನು ವೈದ್ಯನ ಮುಂದೆಯೂ ಬಾಯಿ ಬಿಡನು. ಆದುದರಿಂದ ಹೆಸರನ್ನು ಮರೆಮಾಡುವುದು ಅವಶ್ಯಕವಾಯಿತು. ಆದರೆ ಹೆಸರಿಲ್ಲದವರ ಮನೆಯನ್ನು ಹುಡುಕುವುದು ಹೇಗೆ? ಸದಸ್ಯನು ಅಡಗಿರಬೇಕು, ಸಭೆಯು ಬಯಲಿನಲ್ಲಿರಬೇಕು: ಇವೆರಡನ್ನೂ ಒಟ್ಟಿಗೆ ಸಾಧಿಸುವುದು ಹೇಗೆಂಬುದೇ ಮುಂದಿನ ಹತ್ತು ವರ್ಷಗಳ ಚರಿತ್ರೆಯೆಂದು ಹೇಳಬಹುದು. ಅವರು ಕಂಡುಕೊಂಡ ಉಪಾಯವು ಸರಳವಾದುದು. ಮನುಷ್ಯರ ಹೆಸರುಗಳನ್ನು ಮುಚ್ಚಿಟ್ಟು, ಒಂದು ಅಂಚೆಪೆಟ್ಟಿಗೆಯ ಸಂಖ್ಯೆಯನ್ನು ಲೋಕಕ್ಕೆಲ್ಲ ಸಾರಿದರು. ನ್ಯೂಯಾರ್ಕಿನ ಅಂಚೆಮನೆಯ ೬೫೮ನೆಯ ಪೆಟ್ಟಿಗೆಗೆ ಯಾರು ಬೇಕಾದರೂ ಕಾಗದ ಬರೆಯಬಹುದಾಗಿದ್ದಿತು. ಬಂದ ಕಾಗದಗಳಿಗೆ ರೂತ್ ಹಾಕ್ ಎಂಬ ಕಾರ್ಯದರ್ಶಿಯು, ತಾನು ವ್ಯಸನಿಯಲ್ಲದಿದ್ದರೂ, ಒಂದೊಂದಾಗಿ ಉತ್ತರ ಬರೆಯುತ್ತಿದ್ದಳು. ವ್ಯಾಪಾರಕ್ಕಾಗಿ ಊರೂರು ತಿರುಗುವ ಸದಸ್ಯರ ಕೈಯಲ್ಲಿ ಆಯಾ ಊರಿನಿಂದ ಕಾಗದ ಬರೆದವರ ಪಟ್ಟಿಯನ್ನು ಕೊಡಲಾಗುತ್ತಿದ್ದಿತು. ಅವರು ತಮ್ಮ ಸರಕನ್ನು ಮಾರಿದ ಮೇಲೆ ಸಾಯಂಕಾಲ ಆ ಮನೆಗಳ ಬಾಗಿಲನ್ನು ತಟ್ಟುವರು. ಒಂದು ಊರಿನಲ್ಲಿ ಇಬ್ಬರು ದೊರೆತರೆ ಅಲ್ಲಿ ಸಭೆಯು ಹುಟ್ಟುವುದು.

ವೃತ್ತಪತ್ರಿಕೆಗಳ ಸಹಾಯವೂ ಒದಗಿತು. ೧೯೩೯ನೆಯ ಅಕ್ಟೋಬರಿನಲ್ಲಿ ಕ್ಲೀವ್‌ಲೆಂಡಿನ ಪ್ಲೇನ್ ಡೀಲರ್ ಪತ್ರಿಕೆಯು ಲೇಖನಮಾಲೆಯೊಂದನ್ನು ಪ್ರಕಟಿಸಲಾಗಿ, ಬೆರಳೆಣಿಕೆಯಷ್ಟಿದ್ದ ಆ ಊರಿನ ಸದಸ್ಯರ ಮೇಲೆ ನೂರಾರು ಕುಟುಂಬಗಳ ಮೊರೆಯು ಬಂದು ಬಿದ್ದಿತು. ಕುಡಿತವನ್ನು ಬಿಟ್ಟು ಕೆಲವೇ ವಾರಗಳಾದವರು ನಿನ್ನೆ ಬಂದವರಿಗೆ ದಾರಿ ತೋರಿಸಬೇಕಾಯಿತು. ಇದು ಅನರ್ಥವಾದೀತೆಂದು ಹಿರಿಯರು ಹೆದರಿದ್ದರು, ಅನರ್ಥವೇನೂ ಆಗಲಿಲ್ಲ. ೧೯೪೧ನೆಯ ಮಾರ್ಚ್ ೧ರಂದು ಸ್ಯಾಟರ್‌ಡೇ ಈವನಿಂಗ್ ಪೋಸ್ಟ್ ಎಂಬ ವಾರಪತ್ರಿಕೆಯಲ್ಲಿ ಜ್ಯಾಕ್ ಅಲೆಗ್ಸಾಂಡರನ ಲೇಖನವು ಬಂದಿತು. ಮೋಸವನ್ನು ಬಯಲಿಗೆಳೆಯುವುದರಲ್ಲಿ ಹೆಸರಾದ ಈ ಬರಹಗಾರನು ಸಂಶಯದಿಂದಲೇ ಹೋಗಿ ನಂಬಿಕೆಯಿಂದ ಹಿಂದಿರುಗಿದನು. ಆ ವರ್ಷದ ಆರಂಭದಲ್ಲಿ ಸುಮಾರು ೨,೦೦೦ ಇದ್ದ ಸದಸ್ಯರ ಸಂಖ್ಯೆಯು ವರ್ಷಾಂತ್ಯಕ್ಕೆ ಸುಮಾರು ೮,೦೦೦ ಆಯಿತು. ಸಭೆಗಳೇ ಇಲ್ಲದ ದೂರದೇಶಗಳಲ್ಲಿದ್ದವರೂ ಹಡಗುಗಳಲ್ಲಿ ಕೆಲಸ ಮಾಡುತ್ತಿದ್ದವರೂ ಕಾಗದಗಳ ಮೂಲಕವೇ ಪರಸ್ಪರ ಸಭೆ ನಡೆಸುವ ಪದ್ಧತಿಯು ಕೆಲವು ಕಾಲದಲ್ಲಿ ಬೆಳೆಯಿತು.

ಸ್ತ್ರೀಯರ ವಿಷಯವನ್ನು ಹೇಳದಿದ್ದರೆ ಈ ಚರಿತ್ರೆಯು ಅಪೂರ್ಣವಾಗುವುದು. ಕುಡಿಯುವ ಗಂಡಸನ್ನು ಕನಿಕರದಿಂದ ನೋಡುವವರೂ ಕುಡಿಯುವ ಹೆಂಗಸನ್ನು ಹಾಗೆ ನೋಡರು. ಆಕೆಯ ಪಾಲಿಗೆ ಬಾಗಿಲು ಇಮ್ಮಡಿ ಮುಚ್ಚಿರುವುದು. ವಾಷಿಂಗ್ಟನ್ ಸಂಘದ ಕಾಲದಲ್ಲಿ ೧೮೪೧ರಲ್ಲಿಯೇ ಮಾರ್ಥಾ ವಾಷಿಂಗ್ಟನ್ ಹೆಸರಿನ ಸ್ತ್ರೀಸಂಘಗಳು ಹುಟ್ಟಿದ್ದುವು. ಹೊಸ ಸಂಘದಲ್ಲಿ ಮಾರ್ಟಿ ಮ್ಯಾನ್ ಎಂಬ ಮಹಿಳೆಯು ೧೯೩೯ರಲ್ಲಿ ತಾನಿದ್ದ ಚಿಕಿತ್ಸಾಲಯದ ವೈದ್ಯನ ಪ್ರೇರಣೆಯಿಂದ ಬ್ರೂಕ್ಲಿನ್ನಿನ ಆ ಮಂಗಳವಾರದ ಸಭೆಗೆ ಹೋದಳು. ಬಳಿಕ ಪಾನವ್ಯಸನವು ರೋಗವೇ ಹೊರತು ಕಳಂಕವಲ್ಲವೆಂದು ದೇಶಾದ್ಯಂತ ಸಾರುವುದರಲ್ಲಿ ತನ್ನ ಆಯುಷ್ಯವನ್ನು ಕಳೆದಳು. ವ್ಯಸನಿಗಳ ಪತ್ನಿಯರು ಆರಂಭದಲ್ಲಿ ಅಡಿಗೆಮನೆಯಲ್ಲಿ ಚಹ ಕಾಯಿಸುತ್ತ ತಮ್ಮತಮ್ಮಲ್ಲಿ ಮಾತನಾಡುತ್ತಿದ್ದರು. ಆ ಅಡಿಗೆಮನೆಯ ಮಾತೇ ಮುಂದೆ ೧೯೫೧ರಲ್ಲಿ ಲೋಯಿಸ್ ವಿಲ್ಸನಳ ಮುಂದಾಳುತನದಲ್ಲಿ ಅಲ್-ಅನಾನ್ ಎಂಬ ಪ್ರತ್ಯೇಕ ಸಂಘವಾಯಿತು. ಗಂಡನು ಇನ್ನೂ ಕುಡಿಯುತ್ತಿದ್ದರೂ, ಸಭೆಗೆ ಹೋಗಲು ಒಪ್ಪದಿದ್ದರೂ, ಹೆಂಡತಿಯು ಅಲ್ಲಿಗೆ ಹೋಗಬಹುದು.

ಭರತಖಂಡದಲ್ಲಿ ಈ ಸಂಘವು ನೆಲೆಗೊಂಡುದು ೧೯೫೭ರಲ್ಲಿ, ಮುಂಬಯಿಯಲ್ಲಿ. ಆ ವರ್ಷದ ಮೇ ೫ನ್ನು ಇಲ್ಲಿಯ ಸದಸ್ಯರು ಆರಂಭದಿನವೆಂದು ಸ್ಮರಿಸುತ್ತಾರೆ. ಕ್ರಮೇಣ ಬೆಂಗಳೂರು, ಮಂಗಳೂರು ಮೊದಲಾದ ನಮ್ಮ ಪಟ್ಟಣಗಳಲ್ಲಿಯೂ ಸಭೆಗಳು ಹುಟ್ಟಿದುವು. ಇವು ಹಲವೆಡೆ ಶಾಲೆಯ ಕೋಣೆಗಳಲ್ಲಿಯೂ ಇಗರ್ಜಿಯ ಆವರಣದಲ್ಲಿಯೂ ಸೇರುವುದರಿಂದ ನಮ್ಮವರಲ್ಲಿ ಕೆಲವರು ಇದು ಮತಾಂತರದ ಉಪಾಯವೆಂದು ಶಂಕಿಸುವುದುಂಟು. ಶಂಕೆಗೆ ಆಧಾರವಿಲ್ಲ. ಸ್ಥಳಕ್ಕೆ ಬಾಡಿಗೆಯನ್ನು ಕೊಟ್ಟು ಸೇರುವರು, ಅಷ್ಟೆ. ದೇವರನ್ನು ಕುರಿತು ಮಾತು ಬರುವುದು ನಿಜ. ಆದರೆ ಆ ದೇವರು ಯಾರೆಂಬುದನ್ನು ಪ್ರತಿಯೊಬ್ಬನೂ ತನ್ನ ಅರಿವಿಗೆ ತಕ್ಕಂತೆ ಇಟ್ಟುಕೊಳ್ಳಬಹುದು. ಇಷ್ಟಲಿಂಗವನ್ನು ಧರಿಸಿದವನು ಅದನ್ನು ಹೊರಗಿಟ್ಟು ಒಳಗೆ ಹೋಗಬೇಕಾದುದಿಲ್ಲ. ಕುಡಿತವನ್ನು ಬಿಡಬೇಕೆಂಬ ಇಚ್ಛೆಯೊಂದೇ ಸದಸ್ಯತ್ವಕ್ಕೆ ಬೇಕಾದ ಯೋಗ್ಯತೆಯೆಂದು ೧೯೪೬ರಲ್ಲಿ ಬರೆಯಲ್ಪಟ್ಟು ೧೯೫೦ರಲ್ಲಿ ಅಂಗೀಕೃತವಾದ ಸಂಘದ ಸಂಪ್ರದಾಯಗಳಲ್ಲಿ ಹೇಳಿದೆ.

ವೀರಶೈವ ಮಠಗಳ ಭಕ್ತರಿಗೆ ಈ ಸಂದರ್ಭದಲ್ಲಿ ಚಿತ್ತರಗಿ ಇಳಕಲ್ಲ ಮಠದ ಡಾ. ಮಹಾಂತ ಶಿವಯೋಗಿಗಳವರ (೧೯೩೦–೨೦೧೮) ನೆನಪು ಬಾರದಿರದು. ಪೂಜ್ಯರು ಜೋಳಿಗೆಯನ್ನು ಹಿಡಿದು ಊರೂರು ತಿರುಗಿ, ಕಾಳನ್ನಾಗಲಿ ಕಾಸನ್ನಾಗಲಿ ಬೇಡದೆ, ನಿಮ್ಮ ದುಶ್ಚಟಗಳನ್ನು ಇದರಲ್ಲಿ ಹಾಕಿರೆಂದು ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ ೧ ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಜಂಗಮನೇ ಮನೆಯ ಬಾಗಿಲಿಗೆ ಬಂದು ಬೇಡುವ ಈ ಪದ್ಧತಿಯಲ್ಲಿ ನಾಚಿಕೆಯಿಂದ ಒಳಗೆ ಅಡಗಿದವನಿಗೂ ಬಾಗಿಲು ದೊರೆಯುವುದು. ಜೋಳಿಗೆಗೆ ಹಾಕಿದ ಚಟವು ಮರಳಿ ಬಾರದಂತೆ ಕಾಯುವುದು ಮಾತ್ರ ಉಳಿದ ಕೆಲಸ. ಅದಕ್ಕೆ ವಾರವಾರವೂ ಸೇರುವ ಕೂಟವು ಬೇಕು. ಶ್ರೀ ಕ್ಷೇತ್ರ ಧರ್ಮಸ್ಥಳದ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳವರು ಇದನ್ನು ಬಲ್ಲರು. ಶಿಬಿರವು ಮುಗಿದ ಮೇಲೆ ಆಯಾ ಊರಿನಲ್ಲಿ ನವಜೀವನ ಸಮಿತಿಗಳನ್ನು ಕಟ್ಟಿ, ಕುಡಿತವನ್ನು ಬಿಟ್ಟವರು ಕ್ರಮವಾಗಿ ಕೂಡುವಂತೆ ಏರ್ಪಾಡು ಮಾಡಿದ್ದಾರೆ. ಹಳ್ಳಿಗಳಲ್ಲಿ, ಎಲ್ಲರಿಗೂ ಎಲ್ಲರ ಗುಟ್ಟೂ ಗೊತ್ತಿರುವಲ್ಲಿ, ಹೆಸರನ್ನು ಮರೆಮಾಡುವ ಅಮೆರಿಕದ ಪದ್ಧತಿಗಿಂತ ಈ ಬಹಿರಂಗದ ಪದ್ಧತಿಯೇ ಹೆಚ್ಚು ಸಹಜವೆಂದು ನನ್ನ ಅಭಿಪ್ರಾಯ.

ಈಗಿನ ಕಾಲದಲ್ಲಿ ಸಭೆಯನ್ನು ಹುಡುಕುವುದು ವಿಲ್ಸನನ ಕಾಲಕ್ಕಿಂತ ಬಹಳ ಸುಲಭ. ಸಂಘದ ಜಾಲತಾಣದಲ್ಲಿ ಊರು, ವಾರ, ಹೊತ್ತು, ಭಾಷೆ ಇವುಗಳ ಪಟ್ಟಿಯು ದೊರೆಯುವುದು. ಸಂಘದ ಸಹಾಯವಾಣಿಗೆ ಕರೆ ಮಾಡಿದರೆ ಹಳೆಯ ವ್ಯಸನಿಯೊಬ್ಬನೇ ಉತ್ತರ ಕೊಡುವನು. ವ್ಯಸನಮುಕ್ತಿಗಾಗಿ ಕೇಂದ್ರ ಸರಕಾರದ ೧೪೪೪೬ ಎಂಬ ಉಚಿತ ಟೆಲಿಫೋನ್ ಸಂಖ್ಯೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ವ್ಯಸನಚಿಕಿತ್ಸೆಯ ವಿಭಾಗವಿದೆ. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಬಹುಕಾಲ ಪ್ರತಿದಿನವೂ ಹೆಚ್ಚಾಗಿ ಕುಡಿದವನು ಒಮ್ಮೆಗೇ ನಿಲ್ಲಿಸಿದರೆ ಸೆಳವು, ಭ್ರಮೆ ಮುಂತಾದ ಪ್ರಾಣಾಪಾಯದ ಲಕ್ಷಣಗಳು ಉಂಟಾಗಬಹುದು. ಅಂಥವನು ಮೊದಲು ವೈದ್ಯನನ್ನು ಕಂಡು ಬಳಿಕ ಸಭೆಗೆ ಹೋಗತಕ್ಕದ್ದು. ಸಭೆಯು ಔಷಧಕ್ಕೆ ಪ್ರತಿಯಲ್ಲ. ಆದರೆ ಇದರ ಗುಣವು ಬರಿಯ ನಂಬಿಕೆಯ ಮಾತೂ ಅಲ್ಲ. ೨೦೨೦ರಲ್ಲಿ ಪ್ರಕಟವಾದ ಕಾಕ್ರನ್ ಸಮೀಕ್ಷೆಯು ೨೭ ಅಧ್ಯಯನಗಳನ್ನೂ ಅವುಗಳಲ್ಲಿ ಸೇರಿದ್ದ ೧೦,೫೬೫ ಜನರನ್ನೂ ಪರಿಶೀಲಿಸಿ, ರೋಗಿಗಳನ್ನು ಈ ಸಭೆಗಳಿಗೆ ಕ್ರಮವಾಗಿ ಸೇರಿಸುವ ಚಿಕಿತ್ಸೆಯು ನಿರಂತರ ಪಾನತ್ಯಾಗದ ವಿಷಯದಲ್ಲಿ ಇತರ ಪ್ರಸಿದ್ಧ ಚಿಕಿತ್ಸೆಗಳಿಗಿಂತ ಮೇಲಾಗಿದೆಯೆಂದು ಕಂಡುಕೊಂಡಿತು.

ಮೊದಲ ಸಲ ಹೋಗುವವನು ಏನನ್ನು ನಿರೀಕ್ಷಿಸಬೇಕು? ಸಭೆಗಳಲ್ಲಿ ಎರಡು ಬಗೆ. ತೆರೆದ ಸಭೆಗೆ ಮನೆಯವರೂ ಸ್ನೇಹಿತರೂ ಬರಬಹುದು. ಮುಚ್ಚಿದ ಸಭೆಯು ವ್ಯಸನಿಗಳಿಗೆ ಮಾತ್ರ. ಒಬ್ಬನೇ ಹೋಗಲು ಅಂಜುವವನು ತೆರೆದ ಸಭೆಗೆ ಅಣ್ಣನನ್ನೋ ಗೆಳೆಯನನ್ನೋ ಜೊತೆಗೆ ಕರೆದುಕೊಂಡು ಹೋಗುವುದು ಲೇಸು. ಬಾಗಿಲಲ್ಲಿ ಯಾರೂ ಅರ್ಜಿಯನ್ನು ಬರೆಸಿಕೊಳ್ಳುವುದಿಲ್ಲ, ಶುಲ್ಕವನ್ನು ಕೇಳುವುದಿಲ್ಲ, ಪೂರ್ತಿ ಹೆಸರನ್ನೂ ಕೇಳುವುದಿಲ್ಲ. ಸುಮಾರು ಒಂದು ಗಂಟೆಯ ಕಾಲ ಒಬ್ಬರಾದ ಮೇಲೊಬ್ಬರು ತಮ್ಮ ಕಥೆಯನ್ನು ಹೇಳುವರು. ಒಬ್ಬನು ಮಾತನಾಡುವಾಗ ಇನ್ನೊಬ್ಬನು ನಡುವೆ ಬಾಯಿ ಹಾಕನು, ಬುದ್ಧಿ ಹೇಳನು. ಹೊಸಬನು ಮಾತನಾಡಲೇಬೇಕೆಂಬ ನಿರ್ಬಂಧವಿಲ್ಲ. ಕೇಳಿ ಎದ್ದು ಬರಬಹುದು. ಮೊದಲ ಸಭೆಯು ಹಿಡಿಸದಿದ್ದರೆ ಬೇರೊಂದು ವಾರದ ಬೇರೊಂದು ಸಭೆಯನ್ನು ನೋಡೆಂದು ಹಳಬರು ಹೇಳುವರು, ಏಕೆಂದರೆ ಪ್ರತಿಯೊಂದು ಕೂಟಕ್ಕೂ ಅದರದೇ ಆದ ಬಗೆಯುಂಟು. ಮೊದಲ ತೊಂಬತ್ತು ದಿನಗಳಲ್ಲಿ ತೊಂಬತ್ತು ಸಭೆಗಳಿಗೆ ಹೋಗಬೇಕೆಂಬುದು ಅವರಲ್ಲಿ ಬಾಯಿಂದ ಬಾಯಿಗೆ ಬಂದಿರುವ ರೂಢಿ. ಪಟ್ಟಣದಲ್ಲಿ ಇದು ಸಾಧ್ಯ, ಹಳ್ಳಿಯವನಿಗೆ ಕಷ್ಟ.

ಹಳ್ಳಿಯವನ ಈ ಕಷ್ಟವು ೨೦೨೦ರಿಂದ ಸ್ವಲ್ಪ ಕಡಿಮೆಯಾಗಿದೆ. ಆ ವರ್ಷ ಸಾಂಕ್ರಾಮಿಕ ರೋಗದ ನಿಮಿತ್ತ ಲೋಕದ ಸಭಾಗೃಹಗಳೆಲ್ಲ ಮುಚ್ಚಿದಾಗ, ಈ ಕೂಟದವರು ಕೆಲವೇ ದಿನಗಳಲ್ಲಿ ಮೊಬೈಲಿನ ಪರದೆಯ ಮೇಲೆ ಸೇರತೊಡಗಿದರು. ಬಾಗಿಲುಗಳು ಮತ್ತೆ ತೆರೆದ ಮೇಲೂ ಆ ಪರದೆಯ ಸಭೆಗಳು ನಿಲ್ಲಲಿಲ್ಲ. ಹತ್ತಿರದಲ್ಲಿ ಸಭೆಯಿಲ್ಲದ ಊರಿನವನೂ, ಕೊಲ್ಲಿಯ ದೇಶಗಳಲ್ಲಿ ದುಡಿಯುವ ಕನ್ನಡಿಗನೂ ರಾತ್ರಿಯ ಊಟವಾದ ಮೇಲೆ ಮುಖವನ್ನು ತೋರಿಸದೆ, ದನಿ ಮಾತ್ರದಿಂದ ಅಲ್ಲಿ ಕುಳಿತುಕೊಳ್ಳಬಹುದಾಗಿದೆ.